ಬಾನಿ ಸುಳ್ಳು

ಮೊನ್ನೆ ಬೆಳಿಗ್ಗೆ ಸೊಸೆ ಒಲೆಯ ಮೇಲಿಟ್ಟಿದ್ದ ಹಾಲು ಒಡೆಯಿತು. ಅವಳು ಪಾತ್ರೆ ಇಳಿಸುವಷ್ಟರಲ್ಲಿ ನಾನು ಪಡಸಾಲೆಯಿಂದಲೇ, "ಕೇಳಿದಿ ಏನವಾ, ಜಮಖಂಡಿ ಬಸ್ ಸ್ಟ್ಯಾಂಡಿನ್ಯಾಗ ಆನಿ ಮರಿ ಹಾಕೇತಂತ" ಎಂದುಬಿಟ್ಟೆ.

"ಒಡದ ಹಾಲು ಕೂಡಂಗಿಲ್ರಿ ಮಾವಾರ. ನೀವು ಆನಿ ತಂದ್ರೂ ಅಷ್ಟ, ಒಂಟಿ ತಂದ್ರೂ ಅಷ್ಟ" ಎಂದಳು ಸೊಸೆ, ತಿರುಗಿಯೂ ನೋಡದೆ.

ಪಾತ್ರೆಯಲ್ಲಿ ಏನಾದರೂ ಕೆಟ್ಟರೆ ನನ್ನ ಬಾಯಿಂದ ಸುಳ್ಳು ತಾನಾಗಿ ಹೊರಡುತ್ತದೆ. ಸಾರು ತಳ ಹಿಡಿದರೂ ಅಷ್ಟೇ, ಉಪ್ಪಿನಕಾಯಿಗೆ ಬೂಸು ಬಂದರೂ ಅಷ್ಟೇ. ಹೊಸದಾಗಿ ಮನೆಗೆ ಬಂದವರು ಮುದುಕನಿಗೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಇದು ವಯಸ್ಸಿನ ದೋಷವಲ್ಲ, ಕಸುಬಿನ ದೋಷ.

ನಮ್ಮದು ಬನಹಟ್ಟಿಯಲ್ಲಿ ನೂಲಿಗೆ ಬಣ್ಣ ಹಾಕುವ ಮನೆತನ. ನೇಕಾರರು ನೂಲು ತಂದು ಹಾಕುತ್ತಿದ್ದರು, ನಾವು ಬಣ್ಣ ಕೂರಿಸಿ, ಗಳದ ಮೇಲೆ ಒಣಗಿಸಿ ಕೊಡುತ್ತಿದ್ದೆವು. ಬಣ್ಣ ಕದಡುವ ದೊಡ್ಡ ತೊಟ್ಟಿಗೆ ಬಾನಿ ಎನ್ನುತ್ತೇವೆ. ಸಾಲೆಯಲ್ಲಿ ನನ್ನ ಅಂಗೈ ನೋಡಿ ಮಾಸ್ತರರು, "ಇವತ್ತ ನಿಮ್ಮ ಮನ್ಯಾಗ ಹಸರ ಏನಲೇ?" ಎಂದು ಕೇಳುತ್ತಿದ್ದರು. ಮೆಟ್ರಿಕ್ ಪರೀಕ್ಷೆಯ ಉತ್ತರಪತ್ರಿಕೆಯ ಮೇಲೆ ನನ್ನ ನೀಲಿ ಬೆರಳಿನ ಗುರುತು ಹತ್ತಿತ್ತು. ಮೊದಲ ಸಲ ನಪಾಸಾದದ್ದಕ್ಕೆ ಅದೇ ಕಾರಣ ಎಂದು ಮನೆಯಲ್ಲಿ ಹೇಳಿದ್ದೆ. ಎರಡನೇ ಸಲ ಕೈ ಉಜ್ಜಿ ತೊಳೆದು ಹೋಗಿ ಪಾಸಾದೆ. ನನ್ನ ಓದು ಅಲ್ಲಿಗೆ ಮುಗಿಯಿತು.

ಬಾನಿಗೆ ಮನಸ್ಸಿದೆ ಎಂದು ನಮ್ಮಪ್ಪ ನಂಬಿದ್ದ. ಕೆಂಪು, ಹಳದಿ, ಹಸಿರು ಹೇಳಿದ ಮಾತು ಕೇಳುತ್ತವೆ. ಕರಿ ಕೇಳುವುದಿಲ್ಲ. ಒಂದು ದಿನ ಕಂದಿಗೆ ತಿರುಗುತ್ತದೆ, ಇನ್ನೊಂದು ದಿನ ಹಸಿರಿಗೆ ತಿರುಗುತ್ತದೆ, ಮತ್ತೊಂದು ದಿನ ಮೊದಲ ತೊಳೆತಕ್ಕೇ ನೀರಿನ ಜೊತೆ ಹರಿದು ಹೋಗುತ್ತದೆ. ಕರಿ ಕೂರದಿದ್ದರೆ ಅಪ್ಪ ಹೆಗಲ ಮೇಲೆ ಟವಲು ಹಾಕಿಕೊಂಡು ಬಜಾರಕ್ಕೆ ಹೋಗಿ ಒಂದು ಸುಳ್ಳು ಬಿಟ್ಟು ಬರುತ್ತಿದ್ದ. ಊರು ಅದನ್ನು ನಂಬಿದರೆ ಆ ನಂಬಿಕೆಯ ಬಿಸಿ ಬಾನಿಗೆ ತಟ್ಟಿ ಬಣ್ಣ ಕೂರುತ್ತದೆ ಎಂಬುದು ನಮ್ಮ ಮನೆಯ ರೂಢಿ. ಇದಕ್ಕೆ ಬಾನಿ ಸುಳ್ಳು ಎಂದು ಹೆಸರು. ಸುಳ್ಳಿನಲ್ಲಿ ಒಂದು ಸಂಖ್ಯೆ ಇರಬೇಕು, ಇಲ್ಲದಿದ್ದರೆ ಜನ ನಂಬುವುದಿಲ್ಲ ಎಂದು ಅಪ್ಪ ಕಲಿಸಿದ್ದ. ಬೀಳಗಿಯಲ್ಲಿ ಒಂದು ಬಾವಿಯ ನೀರು ಸಿಹಿಯಾಗಿದೆ, ಮೂರು ದಿನದಿಂದ ಜನ ಸಕ್ಕರೆ ಹಾಕದೆ ಚಹಾ ಮಾಡುತ್ತಿದ್ದಾರೆ ಎಂದು ಅವನು ಒಮ್ಮೆ ಬಿಟ್ಟ ಸುಳ್ಳು ಕೇಳಿ ನಮ್ಮ ಪಕ್ಕದ ಮನೆಯ ಗಂಗವ್ವ ತಾಮ್ರದ ಕೊಡ ಹೊತ್ತು ಬಸ್ಸು ಹತ್ತಿದ್ದಳು.

ರೂಢಿಗೆ ಎರಡನೆಯ ಭಾಗವೊಂದಿದೆ. ಬಣ್ಣ ಕೂತ ಮೇಲೆ, ಮೂರು ದಿನದೊಳಗೆ, ಸುಳ್ಳು ಹೇಳಿದ ಜಾಗಕ್ಕೇ ಹೋಗಿ, "ಅದು ಬಾನಿ ಸುಳ್ಳರೀ" ಎಂದು ಎಲ್ಲರ ಕೈಗೂ ಒಂದೊಂದು ಚೂರು ಬೆಲ್ಲ ಕೊಡಬೇಕು. ನಂಬಿ ಮೋಸ ಹೋದವರು ನಗಬೇಕು. ಗಂಗವ್ವನೂ ಬೈದು, ನಕ್ಕು, ಬೆಲ್ಲ ಬಾಯಿಗೆ ಹಾಕಿಕೊಂಡಳು.

ಇಷ್ಟು ಹೇಳಿ ನಿಮ್ಮನ್ನು ನಗಿಸಿ ಸುಮ್ಮನಾಗಿದ್ದರೆ ನನಗೂ ಸುಖವಿತ್ತು. ಆದರೆ ಬೆಲ್ಲ ಕೊಡದೆ ನಾನು ಉಳಿಸಿಕೊಂಡ ಸುಳ್ಳೊಂದಿದೆ. ಅದರಿಂದ ಒಬ್ಬ ಹೆಣ್ಣುಮಗಳ ನೌಕರಿ ಹೋಯಿತು. ಮೂವತ್ತು ವರ್ಷ ನಾನು ಅದನ್ನು ಆಕೆಗೆ ಹೇಳಲಿಲ್ಲ. ಹೇಳುವುದೋ ಬಿಡುವುದೋ ಎಂಬ ಒಂದೇ ಪ್ರಶ್ನೆಯಲ್ಲಿ ನನ್ನ ಮುಪ್ಪು ಸವೆದಿದೆ.

ಆಕೆಯ ಹೆಸರು ಅನಸೂಯಾ ಸಿದ್ದಿ. ನಮ್ಮೂರಿನ ಒಂದು ಶಾಲೆಗೆ ಹಾಡು, ನಾಟಕ ಕಲಿಸಲು ತಾತ್ಕಾಲಿಕ ಶಿಕ್ಷಕಿಯಾಗಿ ಬಂದಳು. ಆಗ ಇಪ್ಪತ್ನಾಲ್ಕೋ ಇಪ್ಪತ್ತೈದೋ ಇರಬೇಕು. ಸಿದ್ದಿಗಳನ್ನು ನಾವು ನೋಡಿರಲಿಲ್ಲ. ಗುಂಗುರು ಕೂದಲು, ಮಿರುಗುವ ಕರಿ ಮೈಬಣ್ಣ. ಬಸ್ಸಿನಿಂದ ಇಳಿದು ಟ್ರಂಕು ಹಿಡಿದು ನಿಂತಾಗ ಚಹಾದಂಗಡಿಯ ಇಮಾಮಸಾಬ್ ಬಹಳ ಮರ್ಯಾದೆಯಿಂದ, "ಯಾವ ದೇಶಾ ಆತ್ರಿ ಬಾಯಾರ?" ಎಂದು ಕೇಳಿದ.

"ಹಳಿಯಾಳ ತಾಲೂಕ್ರಿ" ಎಂದಳು ಆಕೆ. "ಪಾಸ್‌ಪೋರ್ಟ್ ಬ್ಯಾಡ್ರಿ, ಧಾರವಾಡದಾಗ ಬಸ್ ಬದಲಿ ಮಾಡಿದ್ರ ಸಾಕು."

ಇಮಾಮಸಾಬ್ ಆ ದಿನ ಆಕೆಗೆ ಕೊಟ್ಟ ಚಹಾಕ್ಕೆ ಎರಡು ಸಲ ಸಕ್ಕರೆ ಹಾಕಿದನಂತೆ.

ನಮ್ಮ ಕಡೆ ಹೆಣ್ಣು ಶಿಕ್ಷಕಿಯರಿಗೆ ಅಕ್ಕೋರು ಎನ್ನುತ್ತೇವೆ. ಮಕ್ಕಳು ಎರಡನೇ ದಿನಕ್ಕೇ ಆಕೆಯನ್ನು ಅಕ್ಕೋರು ಮಾಡಿಕೊಂಡರು. ದೊಡ್ಡವರಾದ ನಾವು ಬಹಳ ದಿನ "ಆ ಸಿದ್ದಿ" ಎಂದೇ ಹೇಳುತ್ತಿದ್ದೆವು. ವಿಚಿತ್ರ ನೋಡಿ, ಕರಿ ನನ್ನ ಅನ್ನ. ಸಂಕ್ರಾಂತಿಗೆ ಹೊಸ ಮದುಮಗಳಿಗೆ ಉಡಿಸುವ ಚಂದ್ರಕಾಳಿ ಸೀರೆಯ ಕಡುಗಪ್ಪು ನೂಲಿಗೆ ಸುತ್ತಲ ಊರುಗಳಲ್ಲಿ ನನ್ನ ಬಾನಿಯೇ ಪ್ರಸಿದ್ಧ. ನೂಲು ಗಳದ ಮೇಲೆ ಒಣಗುತ್ತಿದ್ದರೆ ದಾರಿಹೋಕರು ನಿಂತು "ಏನ ಚಂದ ಕರೀಪಾ" ಎನ್ನುತ್ತಿದ್ದರು. ಅದೇ ಜನ, ಅದೇ ಬೀದಿಯಲ್ಲಿ ಆಕೆ ಹೋದರೆ ಬೇರೆ ರೀತಿ ನೋಡುತ್ತಿದ್ದರು. ನಾನೂ ಹಾಗೆಯೇ ನೋಡುತ್ತಿದ್ದೆ. ಕಣ್ಣು ಒಂದೇ, ನೋಟ ಎರಡು.

ಈಗ ನನ್ನ ಇನ್ನೊಂದು ಹೆಚ್ಚುಗಾರಿಕೆಯನ್ನೂ ಹೇಳಬೇಕು. ನಮ್ಮ ನೇಕಾರರು ವರ್ಷಕ್ಕೊಂದೆರಡು ನಾಟಕ ಆಡುತ್ತಿದ್ದರು. ಅವರಿಗೆ ಮುಖಕ್ಕೆ ಬಣ್ಣ ಹಚ್ಚುವವನು ನಾನು. ನೂಲಿಗೆ ಹಾಕುವವನು ಮಾರಿಗೂ ಹಚ್ಚಲಿ ಎಂದು ಯಾರೋ ಚೇಷ್ಟೆಗೆ ಹೇಳಿದ್ದು ಇಪ್ಪತ್ತು ವರ್ಷ ನಡೆಯಿತು. ಬಿಳಿ ಪುಡಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ರಾಜನಿಗೂ ರಾಣಿಗೂ ಬಳಿಯುತ್ತಿದ್ದೆ. ರಾಕ್ಷಸನಿಗೆ ಮಾತ್ರ ಮಸಿ. ಒಂದು ಸಲ ಧರ್ಮರಾಯ ಬೆವರಿ, ಬಿಳಿ ಎಲ್ಲ ಇಳಿದು ಅಂಗಿಯ ಮೇಲೆ ಹರಿದು, ಜೂಜು ಮುಗಿಯುವ ಹೊತ್ತಿಗೆ ಶಕುನಿಗಿಂತ ಕರ್ರಗಾಗಿದ್ದ. ಆದರೂ ಜನ ನನ್ನನ್ನು ಬಣ್ಣದ ಮಾಸ್ತರ ಎನ್ನುತ್ತಿದ್ದರು. ನನಗೂ ಆ ಹೆಸರು ಹಿಡಿಸಿತ್ತು.

ಆಕೆ ಬಂದ ವರ್ಷ ಶಾಲೆಯ ಸ್ನೇಹ ಸಮ್ಮೇಳನಕ್ಕೆ ಏಳನೇ ತರಗತಿಯ ಹುಡುಗಿಯರಿಂದ ಒಂದು ನಾಟಕ ಮಾಡಿಸಿದಳು. ಸಿದ್ದಿಗಳ ಹಿರಿಯರನ್ನು ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ಗೋವೆಗೆ ತಂದದ್ದು, ಮಾರಿದ್ದು, ಅವರು ತಪ್ಪಿಸಿಕೊಂಡು ಕಾಡು ಸೇರಿದ್ದು, ಅದೇ ಕಥೆ. ನಾನು ಬಣ್ಣದ ಪೆಟ್ಟಿಗೆ ಹಿಡಿದು ಮಧ್ಯಾಹ್ನವೇ ಹೋದೆ. ನನ್ನ ಲೆಕ್ಕದಲ್ಲಿ ಅದು ನನ್ನ ದಿನ. ಅಷ್ಟು ಮಂದಿಯನ್ನು ಕರಿ ಮಾಡಬೇಕು ಎಂದರೆ ಬನಹಟ್ಟಿಯಲ್ಲಿ ನನ್ನನ್ನು ಬಿಟ್ಟರೆ ಯಾರಿದ್ದಾರೆ? ಮೊದಲನೆಯ ಹುಡುಗಿಯ ಗಲ್ಲಕ್ಕೆ ಮಸಿ ಹಚ್ಚಿದ್ದೆ ಅಷ್ಟೇ, ಆಕೆ ಬಂದು ನನ್ನ ಮುಂಗೈ ಹಿಡಿದಳು.

"ಮಸಿ ಬ್ಯಾಡ್ರಿ ಅಣ್ಣಾರ."

"ಮಸಿ ಇಲ್ದ ಸಿದ್ದಿ ಹೆಂಗ ಆಗ್ತಾರ್ರಿ?"

"ಸಿದ್ದಿ ಆಗೂದು ಬ್ಯಾಡ್ರಿ. ಹಡಗದಾಗ ಕುಂತವರು ಆಗ್ಲಿ. ಅದಕ್ಕ ಯಾವ ಬಣ್ಣಾ ಬೇಕ್ರಿ?"

"ನಿಮಗಾದ್ರೂ ಸ್ವಲ್ಪ ಬಿಳಿ ಹಚ್ಲಿ? ಬೆಳಕಿಗಿ ಕಾಣಬೇಕಲ್ಲ."

ಆಕೆ ನಕ್ಕಳು. "ಇಲ್ಲೀತನಕ ಕಂಡೇನಲ್ರಿ, ಇನ್ನ ಮ್ಯಾಲೂ ಕಾಣ್ತೇನಿ" ಎಂದು, ಆ ಹುಡುಗಿಯ ಗಲ್ಲವನ್ನು ತನ್ನ ಸೆರಗಿನಿಂದ ಒರೆಸಿದಳು.

ಪೆಟ್ಟಿಗೆ ಮುಚ್ಚಿ ಹಿಂದಿನ ಬೆಂಚಿನ ಮೇಲೆ ಕೂತೆ. ಆಮೇಲೆ ಕಂಡದ್ದನ್ನು ಹೇಗೆ ಹೇಳಲಿ? ನಮ್ಮ ಓಣಿಯ ಹುಡುಗಿಯರು, ಬೆಳಿಗ್ಗೆ ಮೂಗು ಸುರಿಸಿಕೊಂಡು ನೀರಿಗೆ ನಿಲ್ಲುವವರು, ಒಬ್ಬರಿಗೊಬ್ಬರು ಒತ್ತಿಕೊಂಡು ಒಂದೇ ಜಮಖಾನೆಯ ಮೇಲೆ ಕೂತು ಮೆಲ್ಲಗೆ ತೂಗತೊಡಗಿದರು. ಹಡಗಿರಲಿಲ್ಲ, ಸಮುದ್ರವಿರಲಿಲ್ಲ. ಆದರೆ ಬೆಂಚಿನ ಮೇಲೆ ನಾನೂ ಅವರ ಜೊತೆ ತೂಗತೊಡಗಿದ್ದೆ. ಆಕೆ ತಂದಿದ್ದ ಡಮಾಮಿ ಎಂಬ ಡೋಲು ಒಂದೇ ಸಮನೆ ಬಡಿಯುತ್ತಿತ್ತು. ಆಕೆ ಮುದುಕಿಯಾಗಿ ಬಂದಳು. ಬೆನ್ನು ಬಾಗಿಸಲಿಲ್ಲ, ಕೋಲು ಹಿಡಿಯಲಿಲ್ಲ, ದನಿ ನಡುಗಿಸಲಿಲ್ಲ. ಸುಮ್ಮನೆ ನಿಂತು ತಮ್ಮ ಜನರ ಹೆಸರುಗಳನ್ನು ಒಂದೊಂದಾಗಿ ಕರೆದಳು. ಯಾರೂ ಓಗೊಡಲಿಲ್ಲ. ನನ್ನ ಪಕ್ಕದಲ್ಲಿ ಕೂತಿದ್ದ ನೇಕಾರ, ಮಗ್ಗದ ಸದ್ದಿಗೆ ಅರ್ಧ ಕಿವುಡಾದವನು, ತನಗರಿವಿಲ್ಲದೆ "ಓ" ಎಂದುಬಿಟ್ಟ. ಅಲ್ಲಿಂದ ಒಬ್ಬೊಬ್ಬರೇ "ಓ" ಎನ್ನತೊಡಗಿದರು. ನಮ್ಮೂರಿನವರು ಯಾರದೋ ಕಳೆದುಹೋದ ಮಂದಿಯ ಹೆಸರಿಗೆ ಓಗೊಟ್ಟರು. ನನ್ನ ತೋಳಿನ ಮೇಲೆ ರೋಮ ಎದ್ದು ನಿಂತಿತ್ತು.

ನಾಟಕ ಮುಗಿದ ಮೇಲೆ ಜನ ಬಂದು ನನಗೆ, "ಭಾರಿ ಆತೋ ಮಲ್ಲಪ್ಪಾ, ಬಣ್ಣಾ ನೀನ ಹಚ್ಚಿದ್ದೇನ?" ಎಂದು ಕೇಳಿದರು. "ಯಾರೂ ಹಚ್ಚಿಲ್ಲ" ಎಂದು ಏಳೆಂಟು ಮಂದಿಗೆ ಹೇಳಬೇಕಾಯಿತು. ಅಷ್ಟೇ ನನಗಾದ ಅವಮಾನ. ಬರೆದು ನೋಡಿದರೆ ಎಷ್ಟು ಸಣ್ಣದು! ಆದರೆ ಎದೆಯಲ್ಲಿ ಅದು ಮುಳ್ಳಿನ ಹಾಗೆ ಕೂತಿತು.

ಮರುವಾರ ನನ್ನ ಕರಿ ಕೆಟ್ಟಿತು. ಎರಡು ಸಲ ಅದ್ದಿದರೂ ನೂಲು ಮಳೆಯಲ್ಲಿ ನೆನೆದ ಕಾಗೆಯ ಹಾಗೆ ಮಂಕಾಗಿ ಬಂತು. ಟವಲು ಹೆಗಲಿಗೆ ಹಾಕಿ ಇಮಾಮಸಾಬನ ಅಂಗಡಿಗೆ ಹೋದೆ. ದಾರಿಯಲ್ಲಿ ಒಂದು ಒಳ್ಳೆಯ ಸುಳ್ಳು ಕಟ್ಟಿದ್ದೆ. ಮುಧೋಳದ ಬೇಟೆನಾಯಿ ಬಸ್ಸಿನ ಜೊತೆ ಓಡಿ ಹದಿಮೂರು ನಿಮಿಷ ಮೊದಲು ಲೋಕಾಪುರ ಮುಟ್ಟಿತು ಎಂದು. ಅದನ್ನೇ ಹೇಳಿದ್ದರೆ ಸಾಕಿತ್ತು.

"ಯಾಕೋ ಮಲ್ಲಪ್ಪಾ, ಮಾರಿ ಸೊಟ್ಟ ಆಗೇತಿ?" ಎಂದ ಇಮಾಮಸಾಬ್.

"ನನ್ನ ಮಾರಿ ಇರ್ಲಿ. ಆ ಸಿದ್ದಿ ಅಕ್ಕೋರ ಸುದ್ದಿ ಗೊತ್ತೇನ?"

"ಏನಪಾ?"

"ಹುಡುಗ್ಯಾರಿಗಿ ಸುಮ್ನ ನಾಟಕಾ ಕಲಸಾಕತ್ತಿಲ್ಲ. ಬ್ಯಾಸಗಿ ಸೂಟ್ಯಾಗ ಎಂಟ ಹುಡುಗ್ಯಾರನ್ನ ಕರಕೊಂಡ ಹೋಗಿ ಯಾವದೋ ನಾಟಕ ಕಂಪನಿಗಿ ಬಿಡಾಕಿ ಅದಾಳಂತ."

ಇಮಾಮಸಾಬ್ ಚಹಾ ಸೋಸುತ್ತಿದ್ದವನು ಕೈ ನಿಲ್ಲಿಸಿದ. "ಖರೆ?"

"ಖರೆ."

ನಾಯಿಯ ಸುಳ್ಳು ನಾಲಿಗೆಯ ತುದಿಯಲ್ಲಿರುವಾಗ ಇದು ಎಲ್ಲಿಂದ ಬಂತು ಎಂದು ಮೂವತ್ತು ವರ್ಷ ನನ್ನನ್ನೇ ಕೇಳಿಕೊಂಡಿದ್ದೇನೆ. ಎಲ್ಲಿಂದಲೂ ಅಲ್ಲ, ಆ ಮುಚ್ಚಿದ ಪೆಟ್ಟಿಗೆಯಿಂದ.

ಮರುದಿನ ಸಂಜೆಗೆ ನನ್ನ ಹೆಂಡತಿ ಗೌರವ್ವ ಬೋರಿನ ನೀರಿಗೆ ಹೋಗಿ ಬಂದವಳು, "ಕೇಳಿದ್ರ್ಯಾ, ಸಿದ್ದಿ ಅಕ್ಕೋರು ಹುಡುಗ್ಯಾರನ್ನ ಹೊತ್ಕೊಂಡ ಹೊಂಟಾಳಂತ. ಹದಿನೆಂಟ ಮಂದೀನಂತ" ಎಂದಳು. ನನ್ನ ಎಂಟು ಒಂದೇ ದಿನದಲ್ಲಿ ಹದಿನೆಂಟಾಗಿತ್ತು. ಅವಳು ನನ್ನ ಮುಖವನ್ನೇ ನೋಡಿ, "ಇದು ನಿಮ್ಮ ಬಾನೀದಲ್ಲ ಹೌದಲ್ರಿ?" ಎಂದು ಕೇಳಿದಳು.

"ಅಲ್ಲ" ಎಂದೆ. ಈ ಎರಡನೇ ಸುಳ್ಳನ್ನು ಯಾವ ಬಾನಿಯೂ ಕೇಳಿರಲಿಲ್ಲ.

ಬಣ್ಣ ಕೂತಿತು. ಅಂಥ ಕರಿ ನಮ್ಮಪ್ಪನ ಕಾಲದಲ್ಲೂ ಬಂದದ್ದಿಲ್ಲ. ಮೂರನೇ ದಿನ ಬೆಲ್ಲ ಜೇಬಿಗೆ ಹಾಕಿಕೊಂಡು ಹೊರಟೆ. ಅಂಗಡಿಯಲ್ಲಿ ಹುಡುಗಿಯರ ಅಪ್ಪಂದಿರು ಕೂತಿದ್ದರು. ಯಾರ ಮುಖದಲ್ಲೂ ನಗುವ ಲಕ್ಷಣವಿರಲಿಲ್ಲ. "ನಾಳಿಂದ ನಮ್ಮ ಹುಡುಗಿನ್ನ ಸಾಲಿಗಿ ಕಳಸಂಗಿಲ್ಲ" ಎನ್ನುತ್ತಿದ್ದ ಒಬ್ಬ. ಈಗ ಹೇಳಿದರೆ ಒದೆಯುತ್ತಾರೆ ಎಂಬ ಹೆದರಿಕೆ ಒಂದು ಕಡೆ. ಆಕೆಗೆ ಸ್ವಲ್ಪ ಬಿಸಿ ತಟ್ಟಲಿ, ಆಮೇಲೆ ಹೇಳಿದರಾಯಿತು ಎಂಬ ಹೊಲಸು ಯೋಚನೆ ಇನ್ನೊಂದು ಕಡೆ. ಹೊರಗೆ ಬಂದು, ಬೇವಿನ ಗಿಡದ ಕೆಳಗೆ ನಿಂತು, ಜೇಬಿನ ಬೆಲ್ಲವನ್ನೆಲ್ಲ ನಾನೇ ತಿಂದೆ.

ಹದಿನೈದು ದಿನದಲ್ಲಿ ಶಾಲೆಯವರು ಆಕೆಗೆ ಬರಬೇಡಿ ಎಂದರು. ಟ್ರಂಕು ಹಿಡಿದು ಆಕೆ ನಮ್ಮ ಬಣ್ಣದ ಮನೆಯ ಮುಂದೆಯೇ ಹೋದಳು. ಗಳದ ತುಂಬ ಕರಿ ನೂಲು. ಒಂದು ಗಳಿಗೆ ನಿಂತು, "ಈ ಸಲ ಕರಿ ಭಾಳ ಛಲೋ ಬಂದೈತ್ರಿ ಅಣ್ಣಾರ" ಎಂದಳು. ಮೆಚ್ಚಿಕೆಯೇ ಹೊರತು ಚುಚ್ಚುಮಾತಲ್ಲ. ಆಕೆಗೆ ಏನೂ ಗೊತ್ತಿರಲಿಲ್ಲ.

ಆಕೆ ಊರು ಬಿಟ್ಟು ಹೋಗುತ್ತಾಳೆಂದೇ ನಾನು ತಿಳಿದಿದ್ದೆ. ಹೋಗಿದ್ದರೆ ಮರೆತೂ ಬಿಡುತ್ತಿದ್ದೆನೇನೋ. ಆಕೆ ಹೋದದ್ದು ಪಕ್ಕದ ರಬಕವಿಯವರೆಗೆ ಮಾತ್ರ. ಅಲ್ಲಿ ಒಂದು ಹಳೆಯ ಮಗ್ಗದ ಮನೆ ಹಿಡಿದಳು. ಪವರ್‌ಲೂಮುಗಳಲ್ಲಿ ಕತ್ತರಿಸಿ ಒಗೆದ ಬಟ್ಟೆಯ ತುಂಡುಗಳನ್ನು ಚೀಲದಲ್ಲಿ ತುಂಬಿ ತಂದು ಕವದಿ ಹೊಲಿಯಲು ಕೂತಳು. ಕವದಿ ನಮ್ಮಲ್ಲೂ ಹೊಲಿಯುತ್ತಾರೆ. ಸಿದ್ದಿಗಳ ಕವದಿ ಬೇರೆ. ಅವರು ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ, ನಾಲ್ಕು ಮೂಲೆಗೂ ಬಟ್ಟೆ ಮಡಚಿ ಹೂವು ಇಡುತ್ತಾರೆ. ಮೂಲೆಗೆ ಹೂವಿಲ್ಲದಿದ್ದರೆ ಕವದಿ ಬತ್ತಲೆ ಎಂದು ಅವರ ನಂಬಿಕೆ. ಪುಣೆಯ ವ್ಯಾಪಾರಿಯೊಬ್ಬ ಬಂದು, ಆ ಹೂವು ತೆಗೆದರೆ ಬೇಗ ಮುಗಿಯುತ್ತದಲ್ಲ ಎಂದನಂತೆ. "ನೀವು ಅಂಗಿ ತಗದ ಬರ್ರಿ, ನಿಮಗೂ ಬ್ಯಾಗನ ಆಗ್ತೈತಿ" ಎಂದು ಆಕೆ ಹೇಳಿದ ಮೇಲೆ ಅವನು ಹೂವಿನ ಕವದಿಯನ್ನೇ ಒಯ್ದ. ಮತ್ತೆ ಮತ್ತೆ ಬಂದ.

ಹೊಲಿಯಲು ಎರಡೂ ಊರಿನ ಹೆಂಗಸರು ಬಂದರು. ಮೊದಲು ಬಂದವರು ಯಾರು ಗೊತ್ತೆ? ಶಾಲೆಯಿಂದ ಬಿಡಿಸಿದ್ದ ಹುಡುಗಿಯರ ತಾಯಂದಿರು. ಬೇಸಿಗೆ ಕಳೆದರೂ ಯಾವ ಹುಡುಗಿಯೂ ಕಾಣೆಯಾಗಿರಲಿಲ್ಲ, ಕೂಲಿಯೂ ಬೇಕಿತ್ತು. ಮನೆಯಲ್ಲಿ ಒಂಟಿಯಾಗಿ ಬಿಡಲಾರದೆ ಹುಡುಗಿಯರನ್ನೂ ಕರೆತಂದರು. ತಾಯಂದಿರು ಸೂಜಿ ಹಿಡಿದರೆ ಆಕೆ ಮಕ್ಕಳಿಗೆ ಪಾಠ ಹಿಡಿದಳು. ಬಟ್ಟೆಯ ಚೌಕದಲ್ಲಿ ಗಣಿತ, ಬಣ್ಣದ ತುಂಡುಗಳಲ್ಲಿ ನಕಾಶೆ, ಹೊಲಿಯುವ ಹೆಂಗಸರ ಬಾಯಿಂದಲೇ ಊರಿನ ಇತಿಹಾಸ. ಆ ಪಾಠಗಳೇ ನಾಟಕವಾದವು. ಹೊಲಿದ ಕವದಿಯೇ ನಾಟಕದ ಪರದೆಯಾಯಿತು. ನಾಟಕ ಮುಗಿದ ಕೂಡಲೆ ಪರದೆ ಮಾರಾಟಕ್ಕೆ. ಮುಂದಿನ ನಾಟಕಕ್ಕೆ ಹೊಸ ಪರದೆ, ಹೊಸ ಪಾಠ. ಒಂದು ಇನ್ನೊಂದನ್ನು ಎಳೆಯುತ್ತಿತ್ತು, ಹಾಸು ಹೊಕ್ಕನ್ನು ಹಿಡಿದ ಹಾಗೆ. ವ್ಯಾಪಾರ ಮಾಡುವವರನ್ನು ಕಂಡಿದ್ದೇನೆ, ಪಾಠ ಹೇಳುವವರನ್ನು ಕಂಡಿದ್ದೇನೆ, ಬಣ್ಣ ಹಚ್ಚಿ ಕುಣಿಯುವವರ ಮುಖವನ್ನಂತೂ ನಾನೇ ತಿಕ್ಕಿದ್ದೇನೆ. ಮೂರನ್ನೂ ಒಂದೇ ಮಗ್ಗಕ್ಕೆ ಹಾಕಿ ನೇಯ್ದವರನ್ನು ಕಂಡದ್ದು ಆಕೆಯೊಬ್ಬಳನ್ನೇ.

ಹಳಿಯಾಳದ ಕಡೆಯಿಂದ ಆಕೆಯ ತಮ್ಮ ತಂಗಿಯರು ಬಂದು ತಂಡ ಸೇರಿದರು. ರನ್ನ ಬೆಳಗಲಿಯಲ್ಲಿ, ಸಮೀರವಾಡಿಯಲ್ಲಿ, ಬೀಳಗಿಯಲ್ಲಿ ಸಿದ್ದಿಗಳ ಕಥೆಯನ್ನು ಸಿದ್ದಿಗಳೂ ನೇಕಾರರ ಮಕ್ಕಳೂ ಕೂಡಿ ಆಡಿದರು. ಯಾರ ಮುಖಕ್ಕೂ ಬಣ್ಣವಿಲ್ಲ. ಈಗ ಸುತ್ತಲ ನಾಲ್ಕು ತಾಲೂಕಿನ ಶಿಕ್ಷಕರು ನಾಟಕದ ಮೂಲಕ ಪಾಠ ಹೇಳುವುದನ್ನು ಕಲಿಯಲು ಆಕೆಯ ಬಳಿ ಬರುತ್ತಾರೆ. ಆಕೆಯನ್ನು ಬೇಡವೆಂದ ಶಾಲೆಯವರೂ ಬರುತ್ತಾರೆ.

ನಾನೇನು ಮಾಡಿದೆ? ಕವದಿ ಹೊಲಿಯಲು ಕರಿ ದಾರ ಬೇಕಾಗುತ್ತದೆ. ಅದನ್ನು ನಾನೇ ಬಣ್ಣ ಹಾಕಿ ಒಯ್ದು ಕೊಟ್ಟೆ, ವರ್ಷಗಟ್ಟಲೆ. ಬಾಯಿ ಬಿಡಲಾರದ ಹೇಡಿಯ ಪ್ರಾಯಶ್ಚಿತ್ತ. ಆಕೆ ಬಂದವರಿಗೆಲ್ಲ, "ಮಲ್ಲಪ್ಪಣ್ಣಾರ ಕರಿ ಬಿಡಂಗಿಲ್ರಿ. ಈ ಊರಾಗ ನನಗ ಮೊದಲ ಆಸರಾದವರು ಅವರ" ಎಂದು ಹೇಳುತ್ತಿದ್ದಳು. ಆ ಮಾತು ಕೇಳಿದಾಗಲೆಲ್ಲ ನಾನು ಚಪ್ಪಲಿ ಹುಡುಕುವವನ ಹಾಗೆ ನೆಲ ನೋಡುತ್ತಿದ್ದೆ.

ಈ ವರ್ಷ ರಬಕವಿಯಲ್ಲಿ ಆಕೆಯ ಸ್ವಂತ ರಂಗಮನೆ ಎದ್ದಿತು. ಒಂದು ಕಡೆ ಶಾಲೆ, ಒಂದು ಕಡೆ ಕವದಿ ಹೊಲಿಯುವ ಪಡಸಾಲೆ, ನಡುವೆ ರಂಗ. ಆರಂಭದ ದಿನ ನಾನು ನಾಲ್ಕು ಮಾತು ಆಡಬೇಕೆಂದು ಆಕೆಯೇ ಮನೆಗೆ ಬಂದು ಕರೆದು ಹೋದಳು. ಆವತ್ತು ನಾನು ಊಟ ಬಿಟ್ಟೆ. ಗೌರವ್ವನಿಗೆ ಎಲ್ಲ ಹೇಳಿದೆ.

"ಅದು ನಿಮ್ಮದ ಅಂತ ನನಗ ಅವತ್ತ ಗೊತ್ತಿತ್ತು" ಎಂದಳು. "ಬಣ್ಣಾ ಕುಂತಿತ್ತಲ್ಲ. ನೀವು ಹೇಳ್ತೀರಿ ಹೇಳ್ತೀರಿ ಅಂತ ನಾನೂ ಸುಮ್ನ ಕುಂತ್ನಿ. ನನ್ನ ಬಾಯೀನೂ ಹೊಲಿದಂಗ ಆತು. ಈಗರೆ ಹೋಗ್ರಿ."

ಹೋದೆ. ಆಕೆ ಹೊಸ ಪಡಸಾಲೆಯಲ್ಲಿ ಒಬ್ಬಳೇ ಕೂತು ಪರದೆಯ ಮೂಲೆಗೆ ಹೂವು ಮಡಚುತ್ತಿದ್ದಳು. ತಲೆಯ ಗುಂಗುರು ಬೆಳ್ಳಗಾಗಿದೆ, ಕನ್ನಡಕ ಬಂದಿದೆ. ನಿಂತೇ ಹೇಳಿದೆ. ಬಾನಿ ಕೆಟ್ಟದ್ದು, ಇಮಾಮಸಾಬನ ಅಂಗಡಿ, ಎಂಟು ಹುಡುಗಿಯರು, ತಿಂದ ಬೆಲ್ಲ. ಆಕೆಯ ಸೂಜಿ ನಿಂತಿತು. ಮಡಚಿದ್ದ ಹೂವನ್ನು ಬಿಚ್ಚಿ ಮತ್ತೆ ಮಡಚಿದಳು. ಕ್ಷಮಿಸಿಬಿಡುತ್ತಾಳೆ ಎಂದು ಒಳಗೊಳಗೆ ಕಾದಿದ್ದೆ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

"ಆ ಎಂಟು ಯಾರ್ಯಾರ್ರಿ?" ಎಂದಳು ಕಡೆಗೆ.

"ಯಾರೂ ಅಲ್ರಿ. ಸುಮ್ನ ಒಂದ ಸಂಖ್ಯೆ ಹೇಳಿದೆ."

"ಆ ಸುದ್ದಿಗಿ ಸಾಲಿ ಬಿಟ್ಟ ಇಪ್ಪತ್ತೆರಡ ಹುಡುಗ್ಯಾರ ಹೆಸರ ನನಗ ಗೊತ್ತೈತ್ರಿ. ಹೊಳ್ಳಿ ನನ್ನ ಕಡೆ ಬಂದವರು ಹತ್ತೊಂಬತ್ತ." ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. "ನನ್ನ ನೌಕರಿ ಹೋತು, ಅದನ್ನ ನಾ ನೋಡ್ಕೊಂಡೆ. ಆದ್ರ ನೀವು ಸುಳ್ಳ ಹೇಳಿದ್ದು ನನಗಲ್ಲಲ್ರಿ ಅಣ್ಣಾರ. ಊರಿಗಿ ಹೇಳಿದ್ರಿ. ಖರೇನ ನನಗೊಬ್ಬಾಕಿಗಿ ಖೋಲ್ಯಾಗ ಹೇಳಿದ್ರ ಹೆಂಗ?"

"ಏನ ಮಾಡ್ಲಿ ಹೇಳ್ರಿ."

"ನಾಲ್ಕ ಮಾತ ಆಡಾಕ ಕರದೇನಲ್ಲ. ಆಡ್ರಿ. ನನ್ನ ಸಿಟ್ಟ ಆಮ್ಯಾಲ ನೋಡೋಣು." ಸೂಜಿಗೆ ದಾರ ಪೋಣಿಸಲು ಹೋದಳು, ಮೂರು ಸಲ ತಪ್ಪಿತು. ನಾನು ಪೋಣಿಸಿಕೊಡಲು ಕೈ ಚಾಚಿದೆ. "ಬ್ಯಾಡ್ರಿ" ಎಂದಳು.

ಆರಂಭದ ದಿನ ಮುಂಜಾನೆ ಹತ್ತಕ್ಕೇ ರಂಗಮನೆ ತುಂಬಿತ್ತು. ನನ್ನನ್ನು ಮೊದಲ ಸಾಲಿನಲ್ಲಿ ಕೂರಿಸಿದ್ದರು. ಮೊಮ್ಮಗನ ಕೈಹಿಡಿದು ಬಂದಿದ್ದ ಇಮಾಮಸಾಬ್ ನನ್ನ ಪಕ್ಕದಲ್ಲೇ ಇದ್ದ. ಹೆಸರು ಕರೆದಾಗ ಎದ್ದು ಹೋಗಿ ಮೈಕಿನ ಮುಂದೆ ನಿಂತೆ. ಬರೆದುಕೊಂಡು ಹೋಗಿದ್ದ ಚೀಟಿಯ ಅಕ್ಷರ ಕಾಣಲಿಲ್ಲ. "ಸಿದ್ದಿ ಅಕ್ಕೋರು ಹುಡುಗ್ಯಾರನ್ನ ಕಂಪನಿಗಿ ಒಯ್ತಾರ ಅಂತ ಮೂವತ್ತ ವರ್ಷದ ಹಿಂದ ಒಂದ ಸುದ್ದಿ ಹಬ್ಬಿತ್ತು. ಅದನ್ನ ಹಬ್ಬಿಸಿದಾಂವ ನಾನು. ಅದು ಬಾನಿ ಸುಳ್ಳು" ಎಂದೆ.

ಇಮಾಮಸಾಬ್, ಪಾಪ, ಹಳೆಯ ಅಭ್ಯಾಸದಿಂದ ಹೋ ಎಂದು ನಕ್ಕುಬಿಟ್ಟ. ಒಬ್ಬನೇ ನಕ್ಕವನು ಸುತ್ತ ನೋಡಿ, ಅರ್ಥವಾಗಿ, ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಅವನ ಅಂಗಡಿಯಿಂದಲೇ ಆ ಮಾತು ಹೊರಟಿತ್ತು.

ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದಳು. ನಲವತ್ತು ದಾಟಿದವಳು. ಗುರುತು ಹಿಡಿದೆ. ಗಂಡನ ಮನೆಯಿಂದ ತವರಿಗೆ ತಿರುಗಿ ಬಂದು, ನಮ್ಮ ಓಣಿಯ ತುದಿಯಲ್ಲಿ ಇನ್ನೊಬ್ಬರ ಮಗ್ಗಗಳಿಗೆ ನೂಲು ಸುತ್ತಿ ಕೊಡುವ ಶಾಂತವ್ವ. ದಿನವೂ ನೋಡುತ್ತಿದ್ದೆ. ಆಕೆ ಆ ಇಪ್ಪತ್ತೆರಡರಲ್ಲಿ ಒಬ್ಬಳೆಂದು ಒಂದು ದಿನವೂ ಯೋಚಿಸಿರಲಿಲ್ಲ. ಅಕ್ಕೋರ ಬಳಿಗೆ ಮರಳಿ ಬಾರದ ಮೂವರಲ್ಲಿ ಒಬ್ಬಳು.

"ಮಲ್ಲಪ್ಪ ಮಾವಾರ" ಎಂದಳು. ದನಿ ಏರಿರಲಿಲ್ಲ. "ಆ ಸುದ್ದಿ ಕೇಳಿ ನಮ್ಮಪ್ಪ ನನ್ನ ಸಾಲಿ ಬಿಡಿಸಿದಾ. ಬ್ಯಾಸಗ್ಯಾಗ ಲಗ್ನಾ ಮಾಡಿ ಅಥಣಿಗಿ ಕೊ‌ಟ್ಟಾ. ನಾ ಅಕ್ಕೋರ ನಾಟಕದಾಗ ಹಡಗದ ಹುಟ್ಟು ಹಾಕಾಕಿ ಇದ್ನಿ."

ನಾನು ಮೈಕಿನ ಕಂಬ ಹಿಡಿದುಕೊಂಡೆ.

"ಒಂದ ಕೇಳ್ಲಿ ಏನ್ರಿ? ಅವತ್ತ ನಿಮ್ಮ ಬಣ್ಣಾ ಕುಂತಿತ್ತೇನ್ರಿ?"

ಸುಳ್ಳು ಹೇಳಬಹುದಿತ್ತು. ಕೂತಿರಲಿಲ್ಲ ಎಂದಿದ್ದರೆ ಆಕೆಗೆ ಸ್ವಲ್ಪ ಸಮಾಧಾನವಾಗುತ್ತಿತ್ತೇನೋ.

"ಕುಂತಿತ್ತವ್ವಾ" ಎಂದೆ. "ಅಷ್ಟ ಛಲೋ ನನಗ ಮತ್ತ ಯಾವತ್ತೂ ಕುಂತಿಲ್ಲ."

ಶಾಂತವ್ವ ತಲೆ ಆಡಿಸಿದಳು, ಕೇಳಬೇಕಾದದ್ದು ಅಷ್ಟೇ ಎಂಬಂತೆ. ಅನಸೂಯಾ ಅಕ್ಕೋರು ಪರದೆಯ ಅಂಚಿನಲ್ಲಿ ನಿಂತು ಆಕೆಯನ್ನೇ ನೋಡುತ್ತಿದ್ದರು. ಕಣ್ಣು ತುಂಬಿತ್ತು. ಅವರು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಶಾಂತವ್ವನೇ ಹೇಳಿದಳು:

"ನಾಟಕಾ ಚಾಲೂ ಮಾಡ್ರಿ ಅಕ್ಕೋರ. ಈ ಸಲ ನನಗ ಮುಂದ ಕುಂತ ನೋಡೂದೈತಿ."

ಸಾಲುಗಳ ನಡುವೆ ದಾರಿ ಮಾಡಿಕೊಂಡು ಆಕೆ ಮುಂದಕ್ಕೆ ಬಂದಳು. ಮೊದಲ ಸಾಲಿನಲ್ಲಿ ಖಾಲಿ ಇದ್ದದ್ದು ಒಂದೇ ಕುರ್ಚಿ, ನಾನು ಎದ್ದು ಬಂದದ್ದು. ಆಕೆ ಸೆರಗು ಸರಿಪಡಿಸಿಕೊಂಡು ಅದರಲ್ಲಿ ಕೂತಳು. ನಾನು ಮೆಟ್ಟಿಲಿಳಿದು ಗೋಡೆಯ ಬದಿಗೆ ಹೋಗಿ ನಿಂತೆ. ಎರಡು ತಾಸಿನ ನಾಟಕವನ್ನು ಅಲ್ಲಿಯೇ ನಿಂತು ನೋಡಿದೆ.